ಮೊದಲಿನಿಂದ ಹೇಳಿ

ಮಾಜಿ ಸೈನಿಕರ ಆರೋಗ್ಯ ಕೇಂದ್ರದ ಮೊದಲ ಮಹಡಿಯಲ್ಲಿ, ಎಕ್ಸರೇ ಕೋಣೆ ದಾಟಿದ ಮೇಲೆ, ‘ಕುಟುಂಬ ಸಮಾಲೋಚನೆ’ ಎಂಬ ಹಲಗೆ ಇರುವ ಒಂದು ಬಾಗಿಲಿದೆ. ಬಾಗಿಲಿಗೆ ಬೀಗ ಬಿದ್ದಿದೆ. ಬೀಗದ ಪಕ್ಕ ಅಂಟಿಸಿದ ಚೀಟಿಯಲ್ಲಿ ‘ಸಮಾಲೋಚಕರ ನೇಮಕಾತಿ ಪ್ರಕ್ರಿಯೆಯಲ್ಲಿದೆ’ ಎಂದು ಬರೆದಿದ್ದಾರೆ. ಅದನ್ನು ಓದಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ನೀರು ಸರಬರಾಜು ಕಚೇರಿಯಲ್ಲಿ ಫೋನಿನ ಮುಂದೆ ಕೂತು ಜನರ ದೂರು ಕೇಳುವವಳು. ‘ಪ್ರಕ್ರಿಯೆಯಲ್ಲಿದೆ’ ಎಂದರೆ ಏನರ್ಥ ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ. ನಲ್ಲಿ ಒಣಗಿ ಕೂತವರ ಕಿವಿಗೆ ದಿನಾ ಆ ಮಾತನ್ನು ಸುರಿಯುವವಳು ನಾನೇ.

ಆ ಬಾಗಿಲ ಹಿಂದೆ ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಕೂತಿದ್ದ ಹೆಂಗಸನ್ನು ಎಲ್ಲರೂ ಕುರ್ಚಿ ಅಕ್ಕ ಎನ್ನುತ್ತಿದ್ದರು. ಹೆಸರಿಟ್ಟವರು ಅಲ್ಲಿಗೆ ಬರುತ್ತಿದ್ದ ನಮ್ಮ ಗಂಡಂದಿರೇ, ಅದೂ ಮೊದಲು ಲೇವಡಿಗೆ. ಐವತ್ತು ದಾಟಿದ ಗಿಡ್ಡ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಆಮೇಲೆ ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಚಪ್ಪಲಿಯನ್ನು ಮೇಜಿನ ಕೆಳಗೆ ಬಿಟ್ಟು ಬರಿಗಾಲಲ್ಲಿ ಓಡಾಡುತ್ತಿದ್ದರು. ತಮಾಷೆ ಹೇಳಲು ಹೊರಟರೆ ಮುಗಿಸುವ ಮೊದಲೇ ತಾವೇ ನಕ್ಕುಬಿಡುತ್ತಿದ್ದರಿಂದ ಅವರ ಒಂದು ತಮಾಷೆಯನ್ನೂ ನಾವು ಪೂರ್ತಿ ಕೇಳಲಿಲ್ಲ. ಇಂಥವರು ನಮ್ಮ ಮನೆ ಉಳಿಸಿದರು. ಕೇಂದ್ರದವರು ಅವರನ್ನು ಉಳಿಸಿಕೊಳ್ಳಲಿಲ್ಲ.

ನಮ್ಮವರು ಸೇನೆಯಲ್ಲಿ ಲಾರಿ ಓಡಿಸುತ್ತಿದ್ದರು. ಒಂದು ದಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದಾಗ ಇವರ ಹಿಂದಿನ ಲಾರಿ ಸ್ಫೋಟಕ್ಕೆ ಸಿಕ್ಕಿತು. ಅದನ್ನು ಇವರು ಪಕ್ಕದ ಕನ್ನಡಿಯಲ್ಲಿ ನೋಡಿದರು. ಏನೇ ಆದರೂ ಗಾಡಿ ನಿಲ್ಲಿಸಬಾರದು ಎಂಬುದು ಆಜ್ಞೆ. ಒಂದು ನಿಂತರೆ ಸಾಲಿಗೆ ಸಾಲೇ ಗುರಿಯಾಗುತ್ತದೆ. ಇವರು ನಿಲ್ಲಿಸಲಿಲ್ಲ. ಹಿಂದಿನ ಲಾರಿ ಓಡಿಸುತ್ತಿದ್ದವನು ಇವರ ಜೊತೆ ಒಂದೇ ತಟ್ಟೆಯಲ್ಲಿ ಉಂಡವನಾಗಿದ್ದ.

ನಿವೃತ್ತಿಯಾಗಿ ಮನೆಗೆ ಬಂದವರು ಬೇರೆಯೇ ಮನುಷ್ಯ. ಬಸ್ಸಿನಲ್ಲಿ ಕಡೆಯ ಸೀಟು ಸಿಕ್ಕರೆ ಮಾತ್ರ ಹತ್ತುವುದು, ಇಲ್ಲದಿದ್ದರೆ ನಡೆದೇ ಹೋಗುವುದು. ಕ್ಷೌರದವನು ಬೆನ್ನ ಹಿಂದೆ ನಿಲ್ಲುತ್ತಾನೆಂದು ಅಂಗಡಿಗೇ ಹೋಗುವುದನ್ನು ಬಿಟ್ಟರು. ಕೊನೆಗೆ ಕತ್ತರಿ ಹಿಡಿದದ್ದು ನಾನು. ಪಾಪ, ಆ ತಲೆ ಇಲಿ ಕಡಿದ ಬಟ್ಟೆಯ ಹಾಗೆ ಇರುತ್ತಿತ್ತು. ಇದನ್ನೆಲ್ಲ ಹಟ ಎಂದುಕೊಂಡು ಸಹಿಸಿದೆ. ಸಹಿಸಲಾಗದ್ದು ಮಗಳ ವಿಷಯ. ಊಟದ ಹೊತ್ತಿನಲ್ಲಿ ಅಪ್ಪನ ಪಕ್ಕವೇ ಕೂತು ಶಾಲೆಯ ಸುದ್ದಿಯನ್ನೆಲ್ಲ ಒದರುತ್ತಿದ್ದ ಹುಡುಗಿ ಅವಳು. ಬಂದ ವಾರದಲ್ಲೇ ಇವರು ಅವಳ ಕುರ್ಚಿ ಎತ್ತಿ ಬೀರುವಿನ ಪಕ್ಕದ ಮೂಲೆಗೆ ಹಾಕಿದರು.

“ಇನ್ಮೇಲೆ ಇಲ್ಲೇ ಕೂರು.”

“ಯಾಕಪ್ಪಾ?”

“ಕೂರು ಅಂದೆ.”

ಆಮೇಲೆ ಹುಡುಗಿ ತುಟಿ ಪಿಟಕ್ಕೆನ್ನುವುದನ್ನೇ ಬಿಟ್ಟಳು. ಮೂಲೆಯಲ್ಲಿ ತಲೆ ತಗ್ಗಿಸಿ ಉಂಡು ಎದ್ದು ಹೋಗುತ್ತಿದ್ದಳು. ಅಪ್ಪ ಮಗಳ ಮಧ್ಯೆ ಮಾತಿಲ್ಲ, ನನ್ನ ಬಾಯಿಗೆ ಮಾತ್ರ ಬಿಡುವಿಲ್ಲ. ಇಬ್ಬರ ಪಾಲಿನ ಜಗಳವನ್ನೂ ನಾನೊಬ್ಬಳೇ ಆಡಬೇಕಿತ್ತು.

ಕೇಂದ್ರಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಸಮಾಲೋಚಕರಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲರೂ ಗುತ್ತಿಗೆಯವರು. ವರ್ಷ ತುಂಬಿದರೆ ಕೆಲಸ ಕಾಯಂ ಮಾಡಿ ಎಂದು ಕೇಳಿಬಿಡುತ್ತಾರೆಂದು, ವರ್ಷ ತುಂಬುವ ಮೊದಲೇ ಕೈಗೊಂದು ಹೂವಿನ ಗುಚ್ಛ ಕೊಟ್ಟು ಕಳಿಸುತ್ತಿದ್ದರು. ಒಮ್ಮೆ ಕೆಲಸ ಮಾಡಿದವರನ್ನು ಮತ್ತೆ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ ಬೇರೆ. ಮೊದಲು ಬಂದವರು ಒಬ್ಬ ಸಜ್ಜನರು. “ಮೊದಲಿಂದ ಹೇಳಿ” ಅಂದರು. ನಮ್ಮವರು ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದು, ಕೊನೆಗೆ ಅಳುತ್ತ, ತಡೆದು ತಡೆದು ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಆ ಸಜ್ಜನರ ಗುತ್ತಿಗೆ ಮುಗಿಯಿತು. ಅವರ ಜಾಗಕ್ಕೆ ಬಂದ ಹೆಣ್ಣುಮಗಳು ಹಳೆಯದನ್ನೆಲ್ಲ ಪಕ್ಕಕ್ಕಿಟ್ಟು, “ನಿಮ್ಮ ಬಾಯಿಂದಲೇ ಕೇಳ್ಬೇಕು, ಮೊದಲಿಂದ ಹೇಳಿ” ಅಂದಳು. ಹೇಳಿದರು. ಅವಳೂ ಹೋದಳು. ಮೂರನೆಯವನು ಬಂದಾಗ ನಮ್ಮವರು ಎದ್ದು ಸೆಟೆದು ನಿಂತು, ತಾರೀಕು, ಜಾಗ, ಸಾಲಿನಲ್ಲಿದ್ದ ಗಾಡಿಗಳು ಎಲ್ಲವನ್ನೂ ಮೇಲಧಿಕಾರಿಗೆ ವರದಿ ಒಪ್ಪಿಸುವ ಹಾಗೆ ಒಪ್ಪಿಸಿ ಕೂತರು. ಮುಖದಲ್ಲಿ ಏನೂ ಇರಲಿಲ್ಲ. ಸತ್ತವನು ಇವರ ಗೆಳೆಯ ಎಂದು ಕೇಳಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಮೂರನೆಯವನು ನನ್ನ ಕಡೆ ತಿರುಗಿ, “ಒಳ್ಳೆ ಸುಧಾರಣೆ ಇದೆ, ಈಗ ಅಳೋದಿಲ್ಲ” ಎಂದ. ಅವನ ಕೆನ್ನೆಗೆ ಬಾರಿಸದೆ ಬಂದದ್ದು ನನ್ನ ಪುಣ್ಯವೋ ಅವನ ಪುಣ್ಯವೋ ಗೊತ್ತಿಲ್ಲ.

ನಾಲ್ಕನೆಯವರಾಗಿ ಬಂದವರು ಕುರ್ಚಿ ಅಕ್ಕ. ಮಗಳೂ ಬರಲಿ ಎಂದು ಹೇಳಿಕಳಿಸಿದ್ದರಿಂದ ಮೂವರೂ ಹೋದೆವು. ನಮ್ಮವರು ಒಳಗೆ ಕಾಲಿಟ್ಟವರೇ ಸೆಟೆದು ನಿಂತು ವರದಿ ಶುರುಮಾಡಿದರು. ಅಕ್ಕ ಕೈ ಅಡ್ಡ ಹಿಡಿದರು.

“ಅದು ಬೇಡ ಬಿಡಿ, ಆಮೇಲೆ ನೋಡೋಣ. ಮೊದಲು ಒಂದು ಸಣ್ಣ ಕೆಲಸ ಮಾಡಿಕೊಡ್ತೀರಾ?”

ಆ ಕೋಣೆಯ ತುಂಬ ಒಂದಕ್ಕೊಂದು ಹೊಂದದ ಕುರ್ಚಿಗಳು: ಪ್ಲಾಸ್ಟಿಕ್ಕಿನವು, ಮರದವು, ಒಂದು ಸ್ಟೂಲು, ಹೊಲಿಗೆ ಬಿಚ್ಚಿ ಸ್ಪಂಜು ಇಣುಕುತ್ತಿದ್ದ ಒಂದು ಆರಾಮ ಕುರ್ಚಿ. ಕೇಂದ್ರದವರು ಎಸೆಯಲು ಇಟ್ಟಿದ್ದನ್ನೆಲ್ಲ ಅಕ್ಕ ಒಳಗೆ ಸೇರಿಸಿಕೊಂಡಿದ್ದರು.

“ಮನೇಲಿ ಊಟಕ್ಕೆ ಹೇಗೆ ಕೂರ್ತೀರೋ ಹಾಗೇ ಕುರ್ಚಿ ಹಾಕಿ. ಈ ಬಾಗಿಲೇ ನಿಮ್ಮನೆ ಬಾಗಿಲು ಅಂದ್ಕೊಳ್ಳಿ” ಎಂದರು.

ಸೈನಿಕರನ್ನು ಕೂರಿಸಿ ಮಾತಾಡಿ ಎಂದರೆ ಕಷ್ಟ, ಕೆಲಸ ಕೊಟ್ಟರೆ ಸಲೀಸು. ನಮ್ಮವರು ಚಕಚಕನೆ ಹಾಕಿದರು. ತಮ್ಮ ಕುರ್ಚಿ ಬಾಗಿಲಿಗೆ ಎದುರಾಗಿ, ನನ್ನದು ಒಂದು ಪಕ್ಕಕ್ಕೆ, ಮಗಳದು ಕಪಾಟಿನ ಮರೆಯ ಮೂಲೆಗೆ. ಅಕ್ಕ ಒಂದೊಂದು ಕುರ್ಚಿಯಲ್ಲೂ ಹೋಗಿ ಕೂತು ಕೂತು ನೋಡಿದರು. ಮಗಳ ಕುರ್ಚಿಯಲ್ಲಿ ಕೂತು ಕತ್ತು ಆಚೀಚೆ ತಿರುಗಿಸಿದರು.

“ಇಲ್ಲಿಂದ ಬಾಗಿಲೂ ಕಾಣಲ್ಲ, ಕಿಟಕಿನೂ ಕಾಣಲ್ಲವಲ್ಲ. ಪುಟ್ಟಿ, ಈ ಜಾಗ ಯಾರು ಆರಿಸಿದ್ದು?”

“ಅಪ್ಪ” ಅಂದಳು ಮಗಳು. ಆಮೇಲೆ, “ಅಪ್ಪಂಗೆ ನನ್ನ ಮುಖ ನೋಡೋಕೆ ಇಷ್ಟ ಇಲ್ಲ” ಅಂದಳು.

ನಮ್ಮವರು ಬೆಚ್ಚಿಬಿದ್ದರು. ಅಕ್ಕ ಅವರ ಕಡೆ ತಿರುಗಿ, ಟೀ ಬೇಕೇ ಎಂದು ಕೇಳುವ ದನಿಯಲ್ಲಿ ಕೇಳಿದರು:

“ಈಗ ಈ ಬಾಗಿಲಿಂದ ಯಾರಾದ್ರೂ ನುಗ್ಗಿದ್ರೆ, ಇಷ್ಟು ಕುರ್ಚೀಲಿ ಯಾವುದಕ್ಕೆ ಎಲ್ಲಕ್ಕಿಂತ ಕಡಿಮೆ ಅಪಾಯ?”

ಇವರು ಮಗಳ ಕುರ್ಚಿ ತೋರಿಸಿದರು.

“ಎಲ್ಲಕ್ಕಿಂತ ಹೆಚ್ಚು?”

ತಮ್ಮ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು.

ನನ್ನ ಮಗಳು ಅಪ್ಪನ ಮುಖವನ್ನು ನೋಡಿದಳು, ಆ ಮೂಲೆಯನ್ನು ನೋಡಿದಳು, ಮತ್ತೆ ಅಪ್ಪನನ್ನು ನೋಡಿದಳು. ಆಮೇಲೆ ಬಿಕ್ಕಿಬಿಕ್ಕಿ ಅತ್ತಳು. ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗವನ್ನು ಅವಳಿಗೆ ಕೊಟ್ಟಿದ್ದರು. ಅವಳು ಅದನ್ನು ಶಿಕ್ಷೆ ಎಂದುಕೊಂಡು ಇಷ್ಟು ಕಾಲ ಉಂಡಿದ್ದಳು. ಇಂಥ ತಪ್ಪು ತಿಳಿವಳಿಕೆ ನಮ್ಮಂಥವರ ಮನೆಗಳಲ್ಲಿ ಬಿಟ್ಟರೆ ಬೇರೆಲ್ಲಿ ಆಗಲು ಸಾಧ್ಯ?

ಅಂದಿನಿಂದ ವಾರಕ್ಕೊಮ್ಮೆ ಮೂವರೂ ಹೋಗುತ್ತಿದ್ದೆವು. ಪ್ರತಿ ಸಲವೂ ಮಗಳ ಕುರ್ಚಿ ಮೂಲೆಯಿಂದ ಇಷ್ಟಿಷ್ಟೇ ಈಚೆಗೆ ಸರಿಯುತ್ತಿತ್ತು, ಅಲ್ಲಿ ಸರಿದಷ್ಟೇ ಮನೆಯಲ್ಲೂ. ಸರಿಸಬೇಕಾದವರು ನಮ್ಮವರೇ, ಅವರಿಗೆ ಧೈರ್ಯ ಬಂದಷ್ಟೇ. ಕೆಲವು ದಿನ ಮತ್ತೆ ಹಿಂದಕ್ಕೆ ಹಾಕಿದ್ದೂ ಉಂಟು. “ಇವತ್ತು ಅಲ್ಲೇ ಇರ್ಲಿ, ಕುರ್ಚಿಗೇನು ಕಾಲು ನೋಯುತ್ತಾ?” ಎಂದು ಅಕ್ಕ ಮೊದಲೇ ನಕ್ಕುಬಿಡುತ್ತಿದ್ದರು. ಹೀಗೆ ಕುರ್ಚಿ ಎಳೆಯುತ್ತ ಇರುವಾಗಲೇ ಒಂದು ಮಧ್ಯಾಹ್ನ ನಮ್ಮವರು ಯಾರೂ ಕೇಳದೆ, ಗೆಳೆಯನಿಗೆ ಹುರಿದ ಕಡಲೆಕಾಯಿ ಎಂದರೆ ಪ್ರಾಣ ಎಂದರು. ಜೇಬಿನ ತುಂಬ ಸಿಪ್ಪೆ ಇಟ್ಟುಕೊಂಡು ಬೈಸಿಕೊಳ್ಳುತ್ತಿದ್ದನಂತೆ. ತಾರೀಕು ಇರಲಿಲ್ಲ, ಜಾಗ ಇರಲಿಲ್ಲ. ಅಂದು ಮೊದಲ ಸಲ ಆ ಗೆಳೆಯ ನಿಜವಾಗಿ ಸತ್ತಿದ್ದಾನೆಂದು ನನಗೆ ಅನ್ನಿಸಿತು, ನಾನೂ ಅತ್ತೆ.

ಅಕ್ಕ ಈ ವಿದ್ಯೆ ಕಲಿತದ್ದು ತಡವಾಗಿ, ಮಕ್ಕಳು ಕೈಗೆ ಬಂದ ಮೇಲೆ. ಯಾಕೆ ಎಂದು ಒಮ್ಮೆ ಕೇಳಿದ್ದೆ. ಅವರ ಅಣ್ಣನೂ ಸೈನ್ಯದಲ್ಲಿದ್ದವನು. ರಜೆಗೆ ಬಂದರೆ ಮನೆಯವರ ಜೊತೆ ಕೂತು ಉಣ್ಣುತ್ತಿರಲಿಲ್ಲ, ಗೋಡೆಗೆ ಒರಗಿ ನಿಂತೇ ಉಣ್ಣುತ್ತಿದ್ದ.

“ಸೊಕ್ಕು ಅಂದ್ಕೊಂಡ್ವಿ ಕಣಮ್ಮ, ನಾವೆಲ್ಲ. ಯೂನಿಫಾರ್ಮ್ ಹಾಕ್ದ ಮೇಲೆ ನಾವು ಕಣ್ಣಿಗೆ ಕಾಣ್ತಿಲ್ಲ ಅಂತ ಅಪ್ಪ ಬೈದ್ರು. ಅವನು ತಿರುಗಿ ಬರಲೇ ಇಲ್ಲ. ಎಲ್ಲಿದಾನೋ ಗೊತ್ತಿಲ್ಲ. ಒಂದು ಕುರ್ಚಿನ ಗೋಡೆ ಪಕ್ಕ ಹಾಕಿಕೊಟ್ಟಿದ್ರೆ ಸಾಕಿತ್ತು.”

ಅಷ್ಟೇ ಹೇಳಿ ಕನ್ನಡಕ ಹುಡುಕತೊಡಗಿದರು. ಅದು ಕೊರಳಲ್ಲೇ ಇತ್ತು.

ಮಗಳ ಕುರ್ಚಿ ಅಪ್ಪನ ಪಕ್ಕಕ್ಕೆ ಇನ್ನೊಂದು ಗೇಣು ಇರುವಾಗ ಅಕ್ಕನ ಗುತ್ತಿಗೆ ಮುಗಿಯುತ್ತದೆ ಎಂಬ ಸುದ್ದಿ ಬಂತು. ಮತ್ತೆ ಹೊಸ ಮುಖ, ಮತ್ತೆ ‘ಮೊದಲಿಂದ ಹೇಳಿ’. ನಮ್ಮವರು ಅಂದು ಸಂಜೆ ಮನೆಯಲ್ಲಿ ಮಗಳ ಕುರ್ಚಿಯನ್ನು ಮತ್ತೆ ಬೀರುವಿನ ಮೂಲೆಗೆ ಹಾಕಿದರು. ಅದನ್ನು ನೋಡಿ ನನಗೆ ತಲೆ ಕೆಟ್ಟುಹೋಯಿತು. ಮರುದಿನ ಕೆಲಸಕ್ಕೆ ರಜೆ ಹಾಕಿ ಕೇಂದ್ರದ ದೊಡ್ಡ ಸಾಹೇಬರ ಕೋಣೆಗೆ ನುಗ್ಗಿದೆ.

ಸಾಹೇಬರು ಸಿಡುಕುವವರಲ್ಲ, ಅದೇ ತೊಂದರೆ. ಸಿಡುಕಿದರೆ ಜಗಳವಾಡಬಹುದು. ನಗುತ್ತ ಕೂರಿಸಿ ನೀರು ಕೊಟ್ಟರು.

“ನೋಡಿಮ್ಮಾ, ಸೇವೆ ನಿಲ್ಲಲ್ಲ. ವ್ಯಕ್ತಿ ಬದಲಾಗ್ತಾರೆ ಅಷ್ಟೆ.”

“ನಿಮ್ಮನೇಲೂ ವರ್ಷ ವರ್ಷ ಹಾಗೇನಾ ಸಾರ್? ಹೆಂಡತಿ ಅನ್ನೋ ಸೇವೆ ಇರುತ್ತೆ, ವ್ಯಕ್ತಿ ಬದಲಾಗ್ತಾರಾ?”

ಬಾಗಿಲ ಬಳಿ ಕಡತ ಹಿಡಿದು ನಿಂತಿದ್ದ ಗುಮಾಸ್ತ ಕೆಮ್ಮಿ ನಗು ನುಂಗಿಕೊಂಡ. ಸಾಹೇಬರು ಮಾತ್ರ ನಗುವುದನ್ನು ನಿಲ್ಲಿಸಲಿಲ್ಲ.

“ನಿಮಗೆ ಅಷ್ಟು ಅಭಿಮಾನ ಇದ್ರೆ ಒಂದು ದಾರಿ ಇದೆ. ಅವರು ಸ್ವಯಂಸೇವಕರಾಗಿ ಬರಲಿ. ನಮ್ಮದೇನೂ ಅಭ್ಯಂತರ ಇಲ್ಲ. ವಾರ್ಷಿಕ ಸಮಾರಂಭದಲ್ಲಿ ಒಂದು ಸನ್ಮಾನ ಮಾಡೋಣ.”

ಅಂದರೆ ದುಡಿತ ಬೇಕು, ದುಡಿಯುವವಳು ಬೇಡ. ನಾನು ಏನೇನು ಅಂದೆನೋ ನೆನಪಿಲ್ಲ. ಕಾರಿಡಾರಿನ ಕೊನೆಯಲ್ಲಿದ್ದ ಔಷಧಿ ಕೌಂಟರಿನವರಿಗೂ ಕೇಳಿಸಿತಂತೆ. ಅಕ್ಕನಿಗೆ ವಿಷಯ ಹೇಳಿದಾಗ ಅವರು ಮೊದಲ ಸಲ ನಗದೆ ಮಾತಾಡಿದರು.

“ಬಿಟ್ಟಿ ಬಂದ್ರೆ ಇಲ್ಲಿ ಇನ್ಯಾವತ್ತೂ ಯಾರನ್ನೂ ಇಟ್ಕೊಳ್ಳಲ್ಲಮ್ಮ. ನನ್ನ ಆಸೆಗೆ ಬಿದ್ದು ನಾಳೆ ಬರೋರ ಅನ್ನ ನಾನೇ ಕಸಿದ ಹಾಗಾಗುತ್ತೆ. ನಾನು ಬರಲ್ಲ.”

ನನಗೆ ಅವರ ಮೇಲೂ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿ ಎಂದು ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಹೊಸಬರ ಸಂದರ್ಶನ ಗೊತ್ತಾಯಿತು. ಆಯ್ಕೆ ಸಮಿತಿಯಲ್ಲಿ ಮಾಜಿ ಸೈನಿಕರ ಪ್ರತಿನಿಧಿ ಎಂದು ಒಬ್ಬರು ಇರಬೇಕು, ಆಯ್ಕೆಯ ಕಾಗದಕ್ಕೆ ಅವರ ಸಹಿಯೂ ಬೀಳಬೇಕು ಎಂಬ ಕಟ್ಟಳೆ ಇದೆ. ನಾನು ಅಷ್ಟೆಲ್ಲ ಕೂಗಾಡಿದ್ದರೂ ಸಾಹೇಬರು ಹುಡುಕಿ ಹುಡುಕಿ ಆರಿಸಿದ್ದು ನಮ್ಮವರನ್ನು! ಯಾಕೆಂದರೆ ಇವರು ಸಾಹೇಬರ ಕೋಣೆಗೆ ಹೋದಾಗಲೆಲ್ಲ, ಎಷ್ಟು ಹೇಳಿದರೂ ಕೂರದೆ ಗೋಡೆಯ ಪಕ್ಕ ನಿಂತೇ ಇರುತ್ತಿದ್ದರು. ಎಂಥ ಶಿಸ್ತು, ಎಂಥ ವಿನಯ ಎಂದುಕೊಂಡಿದ್ದರು ಸಾಹೇಬರು. ಆ ಕೋಣೆಯಲ್ಲಿ ಬಂದವರು ಕೂರುವ ಕುರ್ಚಿಗಳೆಲ್ಲ ಬಾಗಿಲಿಗೆ ಬೆನ್ನು ಮಾಡಿಕೊಂಡಿವೆ. ಸೈನಿಕರನ್ನು ನೋಡಿಕೊಳ್ಳಲೆಂದೇ ಸಂಬಳ ತೆಗೆದುಕೊಳ್ಳುವ ಮನುಷ್ಯನಿಗೆ ಇಷ್ಟು ತಿಳಿಯಲಿಲ್ಲ.

“ನೀವು ಸುಮ್ನೆ ಕೂತಿದ್ದು ಕೊನೇಲಿ ಒಂದು ಸಹಿ ಹಾಕಿದ್ರೆ ಆಯ್ತು” ಎಂದು ಹೇಳಿ ಕರೆಸಿದ್ದರು. ಸಂದರ್ಶನದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದವರು ಸಂಜೆ ಬಂದು, ಕೈಕಾಲು ತೊಳೆದು, ಊಟದ ಮೇಜಿನ ಮುಂದೆ ಕೂತರು. ನಾವು ಏನೂ ಕೇಳಿರಲಿಲ್ಲ, ತಾವಾಗಿಯೇ ಶುರುಮಾಡಿದರು.

ಸಮಿತಿಯವರ ಕುರ್ಚಿಗಳು ಬಾಗಿಲಿಗೆ ಎದುರಾಗಿದ್ದರಿಂದ ಇವರು ನೆಮ್ಮದಿಯಿಂದ ಕೂತು ಎಲ್ಲ ಕೇಳಿಸಿಕೊಂಡರಂತೆ. ಬಂದವರೆಲ್ಲ ಒಳ್ಳೆಯ ಹುಡುಗ ಹುಡುಗಿಯರು, ಓದಿಕೊಂಡವರು. ಕೊನೆಗೆ ಸಾಹೇಬರು ಮರ್ಯಾದೆಗೆಂದು, “ನಮ್ಮ ಪ್ರತಿನಿಧಿಗಳು ಏನಾದ್ರೂ ಕೇಳ್ತಾರಾ?” ಎನ್ನುತ್ತಿದ್ದರಂತೆ.

“ಏನು ಕೇಳಿದ್ರಿ?” ಅಂದೆ.

“ಒಂದೇ ಪ್ರಶ್ನೆ ಕಣೆ, ಎಲ್ಲರಿಗೂ. ನೀವು ಎಷ್ಟು ದಿನ ಇರ್ತೀರಿ ಅಂತ.”

ಮೊದಲ ಹುಡುಗ ಉತ್ಸಾಹದಿಂದ ಬಾಯಿ ತೆರೆದು, ಸಾಹೇಬರ ಮುಖ ನೋಡಿ ಮುಚ್ಚಿಕೊಂಡನಂತೆ. ಎರಡನೆಯವನು, ಸಂಸ್ಥೆ ಬಯಸಿದಷ್ಟು ದಿನ ಎಂದನಂತೆ. ಕೊನೆಯಲ್ಲಿ ಬಂದ ಹುಡುಗಿಯೊಬ್ಬಳು ಮಾತ್ರ, “ಅದನ್ನ ನನ್ನಲ್ಲ ಸಾರ್, ಈ ಸಾಹೇಬ್ರನ್ನ ಕೇಳ್ಬೇಕು” ಅಂದಳಂತೆ. ನಮ್ಮವರಿಗೆ ಅದು ನ್ಯಾಯವಾಗಿ ಕಂಡಿತು. ತಿರುಗಿ ಸಾಹೇಬರನ್ನೇ ಕೇಳಿದರು.

“ಏನಂದ್ರು?”

“ಅದು ಇಲ್ಲಿ ಕೇಳೋ ಪ್ರಶ್ನೆ ಅಲ್ಲ, ಸಹಿ ಹಾಕಿ ಅಂದ್ರು.”

“ಹಾಕಿದ್ರಾ?”

ನಮ್ಮವರು ತಟ್ಟೆಯ ಅಂಚನ್ನು ನೋಡುತ್ತ ಕೂತರು. “ಅವತ್ತು ನಿಲ್ಲಿಸಬೇಡ ಅಂದ್ರು, ನಿಲ್ಲಿಸಲಿಲ್ಲ. ಜೀವಮಾನದಲ್ಲಿ ಮೇಲಿನವರ ಮಾತು ಮೀರಿದವನಲ್ಲ ನಾನು. ಇವತ್ತು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ.”

ಆ ಮನುಷ್ಯ ಮನೆಯಲ್ಲಿ ಕೂತು ಒಂದು ಸಂಗತಿಯನ್ನು ಬುಡದಿಂದ ತುದಿಯವರೆಗೆ ನಮಗೆ ಹೇಳಿದ್ದು ಅದೇ ಮೊದಲು. ಮಗಳು ಎದ್ದು ಮೂಲೆಯಿಂದ ತನ್ನ ಕುರ್ಚಿಯನ್ನು ಕಿರ್ರೆಂದು ಎಳೆದುಕೊಂಡು ಬಂದು ಅಪ್ಪನ ಪಕ್ಕಕ್ಕೆ ಹಾಕಿ ಕೂತಳು. ಇವರು ಒಮ್ಮೆ ಬಾಗಿಲು ನೋಡಿದರು, ಕುರ್ಚಿ ಮುಟ್ಟಲಿಲ್ಲ. ನಾನು ಬಡಿಸಿದೆ.

ಸಹಿ ಇಲ್ಲದ ಕಾಗದ ಮುಂದಕ್ಕೆ ಹೋಗಲಿಲ್ಲ. ಕೋಣೆಗೆ ಬೀಗ ಬಿತ್ತು, ಬಾಗಿಲಿಗೆ ಚೀಟಿ ಬಂತು. ಈಗ ಕೇಂದ್ರದವರು ಬಂದ ಬಂದವರಿಗೆಲ್ಲ, ನಿಮ್ಮವರೇ ಒಬ್ಬರು ಸಹಿ ಹಾಕದೆ ಸೇವೆ ನಿಲ್ಲಿಸಿದರು ಎಂದು ಹೇಳುತ್ತಿದ್ದಾರೆ. ನೋಡಿ ಇವರ ನಾಲಿಗೆ! ವರ್ಷಕ್ಕೊಬ್ಬರಂತೆ ಓಡಿಸಿದಾಗ ನಿಲ್ಲದ ಸೇವೆ, ಒಬ್ಬ ಲಾರಿ ಚಾಲಕ ಪೆನ್ನು ಕೆಳಗಿಟ್ಟಿದ್ದಕ್ಕೆ ನಿಂತುಹೋಯಿತಂತೆ. ನಮ್ಮಂತೆಯೇ ಅಲ್ಲಿಗೆ ಬರುತ್ತಿದ್ದ ಕೆಲವು ಮನೆಯವರು ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರನ್ನು ನಾನು ಬೈಯುವುದಿಲ್ಲ. ಅವರ ಮನೆಯಲ್ಲೂ ಯಾವುದೋ ಕುರ್ಚಿ ಅರ್ಧ ದಾರಿಯಲ್ಲಿ ನಿಂತಿದೆ.

ಅಕ್ಕ ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ದಾರಿಯಲ್ಲಿ ಸಿಕ್ಕರೆ ಕುರ್ಚಿ ಎಲ್ಲಿಗೆ ಬಂತು ಎಂದು ಕೇಳುತ್ತಾರೆ.

ಹೋದ ವಾರ ಸಾಹೇಬರು ನಮ್ಮವರಿಗೆ ವಿವರಣೆ ಕೊಡಲು ಬರಹೇಳಿದರು. ಮೂವರೂ ಹೋದೆವು. ಇವರು ಎಂದಿನಂತೆ ಗೋಡೆಯ ಕಡೆ ಹೊರಟರು. ಸಾಹೇಬರು ಎಂದಿನಂತೆ ನಗುತ್ತ, “ಕೂತ್ಕೊಳ್ಳಿ. ನಿಮಗೆ ಏನು ಸಮಸ್ಯೆ, ಯಾಕೆ ಹಾಗೆ ಮಾಡಿದ್ರಿ, ಮೊದಲಿಂದ ಹೇಳಿ” ಎಂದರು.

ಆಗ ನನ್ನ ಮಗಳು ಅಪ್ಪನ ತೋಳು ಹಿಡಿದು ತಂದು, ಬಾಗಿಲಿಗೆ ಬೆನ್ನು ಮಾಡಿದ್ದ ಆ ಕುರ್ಚಿಯ ಹತ್ತಿರ ನಿಲ್ಲಿಸಿದಳು. ತಾನು ಅದರ ಹಿಂದೆ ಹೋಗಿ, ಅಪ್ಪನಿಗೆ ಬೆನ್ನು ತಿರುಗಿಸಿ, ಬಾಗಿಲ ಕಡೆ ಮುಖ ಮಾಡಿ ನಿಂತಳು.

“ನೀನು ಕೂತ್ಕೋ ಅಪ್ಪ. ಬಾಗಿಲು ನಾನು ನೋಡ್ಕೋತೀನಿ.”

ನಮ್ಮವರು ಕೂತರು. ಎರಡೂ ಕೈ ಮೇಜಿನ ಮೇಲಿಟ್ಟರು, ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ.

“ಮೊದಲಿಂದ ಹೇಳಲ್ಲ ಸಾರ್. ನಾನು ಎಲ್ಲಿವರೆಗೆ ಹೇಳಿದೀನಿ ಅಂತ ಗೊತ್ತಿರೋರು ಒಬ್ರಿದಾರೆ. ಅವರನ್ನ ಕರೀರಿ, ಅಲ್ಲಿಂದ ಮುಂದಕ್ಕೆ ಹೇಳ್ತೀನಿ.”